ಹಂದಿ ನೆಣದಲ್ಲಿ ಏಳು ಮಳೆಗಾಲ ಕಳೆದ ದೋಣಿಯ ಮೋಟಾರು

ಜಿರಳೆ ನಲವತ್ತಮೂರು. ಹಲ್ಲಿ ಒಂದು. ಒಣಗಿದ ಇಲಿಮರಿ ಐದು. ಅದು ನನ್ನ ಡೈರಿಯಲ್ಲಿ ಮೇ ತಿಂಗಳ ಮೂರನೆಯ ಸೋಮವಾರದ ಪುಟ. ಇಷ್ಟೂ ಒಂದೇ ಯಂತ್ರದೊಳಗಿಂದ ಬಂದವು.

ಕೊಡಗು ಆಗ ಪ್ರತ್ಯೇಕ ರಾಜ್ಯ. ಅಮ್ಮತ್ತಿಯ ಆಚೆ, ಕಾವೇರಿಯ ದಡದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ. ಎಣಿಸುವ ಚಟ ಅಲ್ಲಿಂದಲೇ ಹತ್ತಿತು. ಆಳುಗಳಿರುವ ಲೈನುಮನೆಗಳು ಹೊಳೆಯ ಈ ಕಡೆ, ಅಂಗಡಿ ರಸ್ತೆಗಳೆಲ್ಲ ಆ ಕಡೆ. ಮಳೆಗಾಲದಲ್ಲಿ ದೋಣಿಯೊಂದೇ ದಾರಿ. ದೋಣಿ ನಡೆಸುತ್ತಿದ್ದ ಮುದುಕನನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅವನ ಬಲಭುಜ ಹಿಂದಿನ ವರ್ಷ ಕಳಚಿ, ಮತ್ತೆ ಸರಿಯಾಗಿ ಕೂರಲೇ ಇಲ್ಲ. ಎಸ್ಟೇಟಿನ ಯಜಮಾನರು ಅವನಿಗೆ ನೇರವಾಗಿ ಹೇಳಿದ್ದರು: "ಮೃಗಶಿರೆ ಮಳೆ ಹಿಡಿಯೋದ್ರೊಳಗೆ ಹಿಂದಿನ ಇಂಗ್ಲಿಷ್ ದೊರೆ ಬಿಟ್ಟುಹೋದ ದೋಣಿ ಮೋಟಾರು ಓಡಿದ್ರೆ ನೀನೇ ಇರು. ಇಲ್ಲಾಂದ್ರೆ ಬೇರೆಯವನು ಬರ್ತಾನೆ, ಕಡವಿನ ಮನೆ ಖಾಲಿ ಮಾಡು." ಅಜ್ಜನಿಗೆ ದೋಣಿಗಟ್ಟೆಯ ಆ ಮನೆ ಬಿಟ್ಟರೆ ಬೇರೆ ನೆಲೆ ಇರಲಿಲ್ಲ.

ಮೋಟಾರಿನ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆ ಓದಬಲ್ಲವನು ನಾನೊಬ್ಬನೇ ಆದ್ದರಿಂದ ರಿಪೇರಿ ನನ್ನ ತಲೆಗೆ ಬಂತು. ಹತ್ತೊಂಬತ್ತು ದಿನ ಬಾಕಿ ಇತ್ತು.

ಮೋಟಾರು ಅಜ್ಜನ ಒಲೆಯ ಮೇಲೆ ತೂಗುತ್ತಿತ್ತು. ಇಳಿಸಿದಾಗ ಅದು ಲೋಹದಂತೆ ಕಾಣಲೇ ಇಲ್ಲ. ಮಸಿ, ಜಿಡ್ಡು, ಕೂದಲು ಸೇರಿ ಬೆರಳು ದಪ್ಪದ ಕಪ್ಪು ಚರ್ಮ ಬೆಳೆದಿತ್ತು. ಉಗುರಿನಿಂದ ಕೆರೆದೆ. ಒಳಗೆ ಹಳದಿ. ವಾಸನೆ ಮೂಗಿಗಲ್ಲ, ನೇರ ಗಂಟಲಿಗೆ ಇಳಿಯಿತು.

"ಎಂಥ ಅಜ್ಜ ಇದು?"

"ಹಂದಿ ನೆಣ," ಎಂದ, ಹೆಮ್ಮೆಯಿಂದ. "ಯಜಮಾನ್ರ ಕೋವಿಗೆ ಇದನ್ನೇ ಹಚ್ಚುದು ನಾನು. ಒಲೆ ಮೇಲೆ ಇಟ್ರೆ ತುಕ್ಕು ಹತ್ರ ಬರುದಿಲ್ಲ. ಏಳು ವರ್ಷ ಆಯ್ತು, ಪ್ರತಿ ಕೈಲ್‌ಮುಹೂರ್ತಕ್ಕೂ ಕೋವಿಪೂಜೆಯ ಹಂದಿಯಲ್ಲಿ ನನ್ನ ಪಾಲಿನ ನೆಣ ಇದಕ್ಕೇ."

"ಹೊರಗೆ ಮಾತ್ರ ತಾನೇ?"

"ಒಳಗೆ ತುಕ್ಕು ಹಿಡಿಯುದಿಲ್ವಾ ರೈಟ್ರೇ? ತೂತು ಕಂಡಲ್ಲೆಲ್ಲ ಕರಗಿಸಿ ಹೊಯ್ದಿದ್ದೇನೆ."

ನಾನು ಕುಶಾಲನಗರದ ಕಡೆಯವನು. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಆ ದಿನ ಎರಡು ಸಲ ವಾಂತಿ ಮಾಡಿದೆ, ಅದೂ ಡೈರಿಯಲ್ಲಿದೆ.

ಮುಂದಿನ ದಿನಗಳೆಲ್ಲ ಒಂದೇ ಹೇಸಿಗೆಯ ಬೇರೆ ಬೇರೆ ಬಣ್ಣ. ಮೇಲಿನ ಚಕ್ರ ಬಿಚ್ಚಿದರೆ ಇಲಿಗೂಡು. ಪೆಟ್ರೋಲು ಗಾಳಿ ಬೆರೆಯುವ ಕಡೆ ಜಿರಳೆ ಮೊಟ್ಟೆಗಳು, ಜೋಡಿಸಿಟ್ಟ ಅವರೆಕಾಳಿನಂತೆ. ಕೆಳಗಿನ ಹಲ್ಲುಚಕ್ರಗಳ ಡಬ್ಬಿ ತೆರೆದಾಗ ಕೀವಿನಂಥದ್ದು ನನ್ನ ಮೊಣಕೈವರೆಗೆ ಹರಿಯಿತು. ಹಳಸಿದ ನೆಣ ಹಿತ್ತಾಳೆಯನ್ನು ತಿಂದು ಹಸಿರಾಗಿತ್ತು. ಪ್ರತಿ ಭಾಗವನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ಅಂಟುವಾಳ ಹಾಕಿದ ಬಿಸಿನೀರಿನಲ್ಲಿ ತೊಳೆದೆ. ಸೀಮೆಎಣ್ಣೆ ಇಪ್ಪತ್ತಾರು ಬಾಟಲಿ. ಲೈನಿನ ನಾಯಿಗಳು ನನ್ನ ಹಿಂದೆ ಬಂದ ದಿನಗಳು ಹದಿನಾಲ್ಕು.

ಭಾನುವಾರ ಊರಿಗೆ ಹೋದರೆ ಅವ್ವ ಅಂಗಳದಲ್ಲೇ ತಡೆದಳು. "ಅಲ್ಲೇ ನಿಲ್ಲೋ! ಏನು ಹೊತ್ಕೊಂಡು ಬಂದಿದ್ದೀಯ?" ಮೂರು ಕೊಡ ನೀರು ಸುರಿದುಕೊಂಡ ಮೇಲೂ ಜಗಲಿಯಲ್ಲೇ ಊಟ.

ಅಜ್ಜನ ಮೇಲೆ ಸಿಟ್ಟು ಏರುತ್ತಿತ್ತು. ಅವನೋ ಎಡಗೈಯಿಂದ ಬಿಸಿನೀರು ತಂದು ತಂದು ಸುರಿಯುತ್ತ, "ನೋಡಿ, ಒಂದು ಚುಕ್ಕೆ ತುಕ್ಕಿಲ್ಲ" ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಇನ್ನಷ್ಟು ಸಿಟ್ಟು ಬಂತು. ಹದಿನೈದನೆಯ ದಿನ ಒಂದು ಸಂದಿಯಿಂದ ಒಣಗಿದ ದಂಟು ಸಿಕ್ಕಿತು. ಹಬ್ಬದ ದಿನ ಕೋವಿಯ ಬಾಯಿಗೆ ಸಿಕ್ಕಿಸುವ ಹೂವಿನದು. ಇದಕ್ಕೂ ಸಿಕ್ಕಿಸಿದ್ದಾನೆ! ಬಯ್ಯಲು ಬಾಯಿ ತೆರೆದವನು ದಂಟನ್ನು ಡೈರಿಯ ಪುಟಗಳ ನಡುವೆ ಇಟ್ಟೆ.

ಹತ್ತೊಂಬತ್ತನೆಯ ದಿನ ಮೋಡ ಕಟ್ಟಿತ್ತು. ಮೋಟಾರನ್ನು ದೋಣಿಯ ಹಿಂಭಾಗಕ್ಕೆ ಬಿಗಿದೆವು. ಯಜಮಾನರು ಕೊಡೆ ಹಿಡಿದು ದಡದಲ್ಲಿ ನಿಂತರು. ನಾನು ಹಗ್ಗ ಸುತ್ತಿ ಎಳೆದೆ. ಮೂವತ್ತು ಸಲ ಎಳೆದರೂ ಏನಿಲ್ಲ.

"ಸಾಕಲ್ವಾ?" ಎಂದರು ಯಜಮಾನರು. ಅಜ್ಜ ಹೊಳೆ ನೋಡುತ್ತ ಕೂತಿದ್ದ.

ಮೂವತ್ತೆಂಟನೆಯ ಎಳೆತಕ್ಕೆ ಗುಡುಗಿತು. ನೀಲಿ ಹೊಗೆ, ಅದರೊಳಗೆ ಸುಟ್ಟ ಹಂದಿಯ ವಾಸನೆ. ಆದರೆ ತಂಪು ಮಾಡುವ ನೀರು ಪಕ್ಕದ ತೂತಿನಿಂದ ಹೊರಬರಬೇಕು. ಬರದಿದ್ದರೆ ಕೂಡಲೇ ನಿಲ್ಲಿಸಿ ಎಂದು ಪುಸ್ತಿಕೆಯಲ್ಲಿತ್ತು. ನೀರು ಬರಲಿಲ್ಲ. ಬಗ್ಗಿ ನೋಡಿದೆ. ಬೆರಳುದ್ದದ ಹಳದಿ ನೆಣ ಹುಳುವಿನಂತೆ ಚಿಮ್ಮಿ ನನ್ನ ತುಟಿಗೆ ಬಡಿಯಿತು. ಹಿಂದೆಯೇ ನೀರು.

ನಾನು ದೋಣಿಯ ಅಂಚು ಹಿಡಿದು ಕಾವೇರಿಗೆ ಕಾರಿಕೊಳ್ಳುತ್ತಿದ್ದಾಗ ಅಜ್ಜ ಎಡಗೈಯಲ್ಲಿ ಹಿಡಿಕೆ ಹಿಡಿದು ಹೊಳೆ ದಾಟಿಸಿ ಮತ್ತೆ ತಂದ. ಯಜಮಾನರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ, "ಇರ್ಲಿ, ಮುದುಕನೇ ಇರ್ಲಿ" ಎಂದು ಹೊರಟರು.

ಸೆಪ್ಟೆಂಬರಿನಲ್ಲಿ, ಕೈಲ್‌ಮುಹೂರ್ತದ ಹೊತ್ತಿಗೆ ಹೊಳೆ ಇಳಿದಿತ್ತು. ಮೋಟಾರು ಬಿಚ್ಚಿಡುವ ದಿನ ಅಜ್ಜನ ಕೈಗೆ ಗ್ರೀಸಿನ ಡಬ್ಬಿ ಕೊಟ್ಟೆ. ಅವನು ಮೂಸಿ ಮುಖ ಹಿಂಡಿದ.

"ಥೂ! ಇದನ್ನ ಹಚ್ಚುದಾ? ಹೊಟ್ಟೆ ತೊಳಸ್ತದೆ ರೈಟ್ರೇ!"

ಟವೆಲನ್ನು ಮೂಗಿಗೆ ಕಟ್ಟಿಕೊಂಡು, ನನ್ನನ್ನು ಶಪಿಸುತ್ತ, ಪೂರ್ತಿ ಹಚ್ಚಿದ. ಮುಗಿಯುವವರೆಗೂ ನಾನು ಕದಲಲಿಲ್ಲ. ಕೊನೆಗೆ ಕಿವಿಯ ಹಿಂದಿನಿಂದ ಒಂದು ಹೂವು ತೆಗೆದು ನನ್ನ ಮುಖ ನೋಡಿದ.

"ಹೊರಗೆ ಮಾತ್ರ," ಎಂದೆ.