ಗಿರಣಿಯವನ ಖುಲಾಸೆ, ಶರಣಮ್ಮನ ಹೆಸರು

ಮಾನ್ಯ ಮಾರ್ಗದರ್ಶಕರೇ, ಶರಣಮ್ಮನವರ ಅರಿವನ್ನು ನಾನು ಕದ್ದೆ. ಆ ಕಳವಿಗೆ ನೀವು ವಿದ್ವತ್ತಿನ ಮುದ್ರೆ ಒತ್ತಿದಿರಿ. ನನ್ನ ಎಂ.ಎ. ಪ್ರಬಂಧಕ್ಕೆ ಪದಕ ತಂದ ವಾದ ನನ್ನದಲ್ಲ. ಸೇಡಂ ಕಡೆಯಿಂದ ಬಂದು ದೊಮ್ಮಲೂರಿನ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಜೀವನ್ ಬಿಮಾ ನಗರದ ನಮ್ಮ ಮನೆಗೆ ಜೋಳದ ರೊಟ್ಟಿ ತರುತ್ತಿದ್ದ ಹೆಂಗಸಿನದು. ಐದು ವರ್ಷ ಇದನ್ನು ಮುಚ್ಚಿಟ್ಟೆ.

ನಾನಾಗ ಓದುತ್ತಿದ್ದುದು ಟ್ಯೂಡರ್ ದೊರೆಗಳ ಕಾಲದ ಇಂಗ್ಲೆಂಡಿನ ಒಂದು ಹಳ್ಳಿಯ ನ್ಯಾಯಸಭೆಯ ಕಡತ. ಬೇಸಿಗೆಯಿಡೀ ಮಳೆ ಸುರಿದ ವರ್ಷ. ಕೊಯ್ದ ಗೋಧಿ ಹೊಲದಲ್ಲೇ ನೆನೆದಿತ್ತು. ಆ ಚಳಿಗಾಲದಲ್ಲಿ ಊರಿನ ಬ್ರೆಡ್ಡು ಉಬ್ಬದೆ, ಒಲೆಯಲ್ಲೇ ಅಂಟಾಗಿ ಕುಸಿಯಿತು. ಗಿರಣಿಯವನು ಹಿಟ್ಟಿಗೆ ಏನನ್ನೋ ಬೆರೆಸಿದನೆಂದು ಜನ ದೂರಿದರು. ಅವನಿಗೆ ಶಿಕ್ಷೆಯಾಯಿತು, ಊರು ಬಿಟ್ಟ. ಹಸಿದವರನ್ನು ಸುಲಿದ ಲಾಭಕೋರ — ನಾನೂ ಹಾಗೆಯೇ ಬರೆದಿದ್ದೆ, ನೀವು ಮೆಚ್ಚಿದ್ದಿರಿ.

ಒಂದು ಮಧ್ಯಾಹ್ನ ಅಮ್ಮನಿಗೆ ಈ ಕತೆ ಹೇಳುತ್ತಿದ್ದಾಗ, ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಶರಣಮ್ಮ ನಕ್ಕುಬಿಟ್ಟರು.

"ಗಿರಣ್ಯಾಂವ ಏನ್ ಮಾಡ್ಯಾನ್ರಿ ಪಾಪ! ಕೊಯ್ದ ತೆನಿ ಮ್ಯಾಲ ಮಳಿ ಬಿದ್ರ ಕಾಳು ಅಲ್ಲೇ ಮೊಳಕಿ ಒಡಿತದ. ಅದ್ರ ಹಿಟ್ಟು ಎಷ್ಟ್ ನಾದಿದ್ರೂ ಅಂಟಂಟ. ನಾನೂ ನಮ್ಮೂರ ಗಿರಣ್ಯಾಂವಂಗ ಬಾಯಿಗೆ ಬಂದಂಗ ಬೈದೀನಿ. ಆಮ್ಯಾಲ ನಮ್ಮತ್ತಿ ಮೊಳಕಿ ಬಂದ ತೆನಿ ತಂದು ನನ್ನ ಮೂಗಿಗೇ ಹಿಡದ್ಳು!"

ಕಡತದಲ್ಲಿದ್ದ ಇನ್ನೊಂದು ದೂರನ್ನು ನೆನೆದು ಕೇಳಿದೆ — ಮುಂದಿನ ವರ್ಷ ಆ ಊರಲ್ಲಿ ಬಿತ್ತಿದ ಬೀಜವೂ ಹುಟ್ಟಲಿಲ್ಲವಲ್ಲ?

"ಒಮ್ಮೆ ಮೊಳಕಿ ಒಡದು ಸತ್ತ ಕಾಳು ಬಿತ್ತಿದ್ರ ಎಲ್ಲಿಂದ ಹುಟ್ಟತದ್ರಿ ಅಕ್ಕಾರ?"

ಎರಡೇ ಮಾತು. ಕಡತದಲ್ಲಿ ಬೇರೆ ಬೇರೆ ಪುಟಗಳಲ್ಲಿ ಬಿದ್ದಿದ್ದ ಎರಡು ದೂರುಗಳು ಒಂದಾದವು. ನಾನೂರು ವರ್ಷಗಳ ನಂತರ ಒಬ್ಬ ನಿರಪರಾಧಿ ಬಿಡುಗಡೆಯಾದ. ಅಡಿಟಿಪ್ಪಣಿಯಲ್ಲಿ ಅವರ ಹೆಸರು ಬರೆದೆ, ಬರೆದಿದ್ದೇನೆಂದು ಅವರಿಗೂ ಹೇಳಿದೆ. ನಿಮಗೆ ತೋರಿಸಿದೆ.

"ರೊಟ್ಟಿ ಮಾರೋರ ಹೆಸರನ್ನ ಆಕರದಲ್ಲಿ ಹಾಕ್ತಾರೇನಮ್ಮಾ? ನಾಲ್ಕು ಜನ ನಗ್ತಾರೆ. ತೆಗೆದ್ಬಿಡಿ."

ತೆಗೆದೆ. ನೀವು ಹೇಳಿದಿರೆಂಬುದು ನನಗೆ ರಕ್ಷಣೆಯಲ್ಲ. ಆ ಸಾಲನ್ನು ಅಳಿಸಿದ ಕೈ ನನ್ನದು. ಅದಕ್ಕಿಂತ ಕೀಳಾದದ್ದು ಆಮೇಲೆ ನಡೆಯಿತು. ಪ್ರಬಂಧ ಅಚ್ಚಾಗಿ ಬಂದಾಗ ಶರಣಮ್ಮ ಕೈ ಒರೆಸಿಕೊಂಡು ಅದನ್ನು ಮಡಿಲಲ್ಲಿಟ್ಟುಕೊಂಡರು. ಊರಿನ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು. ಪುಟಪುಟದ ಮೇಲೂ ಬೆರಳಾಡಿಸಿ ತಮ್ಮ ಹೆಸರನ್ನು ಹುಡುಕಿದರು — ಸಿಗಲಿಲ್ಲ. "ಪ್ರೆಸ್ಸಿನೋರು ಬಿಟ್ಬಿಟ್ಟಿದಾರೆ" ಎಂದೆ. ಮಾಡದ ತಪ್ಪನ್ನು ಇನ್ನೊಬ್ಬ ಕಸುಬುದಾರನ ತಲೆಗೆ ಕಟ್ಟಿದೆ! ಗಿರಣಿಯವನ ಕತೆ ಬರೆದವಳು ನಾನೇ, ಮತ್ತು ಅದೇ ಬಾಯಲ್ಲಿ —

ಕಳೆದ ತಿಂಗಳು ಇಂದಿರಾನಗರದ ಸಭಾಂಗಣದಲ್ಲಿ, ನಿಮ್ಮ ಅಧ್ಯಕ್ಷತೆಯ ವಿಚಾರಸಂಕಿರಣದಲ್ಲಿ, ಅಂದು ಓದಬೇಕಿದ್ದ ಪ್ರಬಂಧವನ್ನು ಬದಿಗಿಟ್ಟು ಇಷ್ಟನ್ನೂ ಹೇಳಿದೆ. ಹಿಂದಿನ ದಿನವೇ ಶರಣಮ್ಮನವರ ಕೋಣೆಗೆ ಹೋಗಿ ಒಪ್ಪಿಕೊಂಡಿದ್ದೆ. ಅವರು "ಪ್ರೆಸ್ಸಿನಾಂವಂಗ ಅಷ್ಟು ಬೈದೆನಲ್ರಿ" ಎಂದಷ್ಟೇ ನುಡಿದಿದ್ದರು. ಆದರೂ ಬಂದರು. ಜೊತೆಗೆ ಒಂದು ಸಣ್ಣ ಒಲೆ, ಹಂಚು, ಎರಡು ಡಬ್ಬಿ ಹಿಟ್ಟು — ಒಂದು ಒಳ್ಳೆಯ ಜೋಳದ್ದು, ಇನ್ನೊಂದು ಯಾವುದೋ ಹಬ್ಬಕ್ಕೆಂದು ಮೊಳಕೆ ಬರಿಸಿ ಒಣಗಿಸಿ ಬೀಸಿಟ್ಟುಕೊಂಡಿದ್ದ ಜೋಳದ್ದು. ವೇದಿಕೆಯ ಮೇಲೆ ಒಲೆ ಹೊತ್ತಿಕೊಂಡಾಗ ಹಿಂದಿನ ಸಾಲಿನಿಂದ ದನಿಯೊಂದು ಬಂತು:

"ಇದೇನ್ ಮಗಾ, ಸೆಮಿನಾರೋ ಖಾನಾವಳೀನೋ?"

"ಎರಡೂ ಅದ ತಮ್ಮಾ, ಸುಮ್ನ ನೋಡು."

ಮೊದಲ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ಅಗಲವಾಗಿ ಉಬ್ಬಿತು. ಎರಡನೆಯದು ಬಡಿಯುವಾಗಲೇ ಅಂಗೈಗೆ ಮೆತ್ತಿಕೊಂಡು ಹರಿಯಿತು. ಆ ಕೈಯನ್ನೇ ಅವರು ನಿಮ್ಮತ್ತ ಎತ್ತಿ ಹಿಡಿದರು: "ನೋಡ್ರಿ ಸರ್, ಯಾರೂ ಏನೂ ಬೆರಸಿಲ್ಲ. ಇನ್ನರ ಆ ಇಂಗ್ಲೆಂಡಿನಾಂವನ್ನ ಬಿಡ್ರಿ." ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂಥ ಗೆಲುವನ್ನು ನಾನು ಗ್ರಂಥಾಲಯಗಳಲ್ಲಿ ಕಂಡಿಲ್ಲ. ಆ ಗೆಲುವು ಪೂರ್ತಿ ಅವರದು. ನೀವು ಮಾತ್ರ ಕುಳಿತೇ ಇದ್ದಿರಿ.

ಆದ್ದರಿಂದ ವಿಧ್ಯುಕ್ತವಾಗಿ ಕೇಳುತ್ತಿದ್ದೇನೆ. ಗ್ರಂಥಾಲಯದ ಪ್ರತಿಯಲ್ಲಿ ಆ ಅಡಿಟಿಪ್ಪಣಿಯನ್ನು ಮರಳಿ ಸೇರಿಸಿ, ವಾದದ ಮೂಲ ಶರಣಮ್ಮನವರೆಂದು ವಿಭಾಗದ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕು. ಹೆಸರು ತೆಗೆಸಿದ್ದು ಯಾವ ನಿಯಮದಡಿ ಎಂಬುದನ್ನು ನೀವು ಬರಹದಲ್ಲಿ ತಿಳಿಸಬೇಕು. ಪದಕವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ನನ್ನ ಮೇಲೆ ಕೈಗೊಳ್ಳುವ ಕ್ರಮಕ್ಕೆ ತಕರಾರಿಲ್ಲ. ಹದಿನೈದು ದಿನಗಳೊಳಗೆ ಉತ್ತರವನ್ನು ದೊಮ್ಮಲೂರಿಗೆ, ಶರಣಮ್ಮನವರ ಹೆಸರಿಗೇ ಕಳುಹಿಸಿ. ಅವರೇ ಓದಿಕೊಳ್ಳುತ್ತಾರೆ.