ಕರೆಮ್ಮನ ಖಾನಾವಳಿಯ ಛಜ್ಜಾ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ಇಟ್ಟಾಗ ಕರೆಮ್ಮ ಒಲೆಯನ್ನು ಬಾಗಿಲ ಹೊರಗೇ ಹೂಡಿದ್ದಳು. ಒಳಗಿದ್ದದ್ದು ಒಂದೇ ಕೋಣೆ, ಹೊಗೆ ಹೋಗಲು ದಾರಿಯಿರಲಿಲ್ಲ. ಬಾಗಿಲ ಮೇಲೆ ಚಾಚಿಕೊಂಡಿದ್ದ ಸಿಮೆಂಟಿನ ಛಜ್ಜಾದ ನೆರಳಲ್ಲಿ ಕೂತು ಅವಳು ರೊಟ್ಟಿ ಬಡಿಯುತ್ತಿದ್ದರೆ, ಲಿಂಗಸುಗೂರು ಬಸ್ಸಿಗೆ ಕಾಯುವವರು ಆ ಸಪ್ಪಳಕ್ಕೇ ಒಳಗೆ ಬರುತ್ತಿದ್ದರು.

ಹುಟ್ಟೂರು ಬಳಗಾನೂರು. ವಯಸ್ಸೆಲ್ಲ ಮಂದಿಯ ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚಿ ಕಳೆದವಳು. ಗಂಡ ಜಂಬಣ್ಣ ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಹಮಾಲಿ. ಬೆಳಿಗ್ಗೆ ತಾನೇ ಬೀಗ ತೆಗೆಯುವ ಒಂದು ಬಾಗಿಲು ಸಿಕ್ಕಿದ್ದೇ ಕರೆಮ್ಮನಿಗೆ ದೊಡ್ಡ ಹಿಗ್ಗು.

ಮಳಿಗೆಯ ಮಾಲಕ ದೊಡ್ಡಬಸಪ್ಪ ಕಿರಾಣಿ ವ್ಯಾಪಾರಿ, ಕೆಟ್ಟವನೇನಲ್ಲ. ಕರಾರು ಪತ್ರವನ್ನು ಅವಳಿಗೆ ಓದಿ ಹೇಳಿಸಿಯೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲಕರದು ಎಂದಿತ್ತು ಅದರಲ್ಲಿ. ಯಾವುದು ಸಣ್ಣದು, ಯಾವುದು ದೊಡ್ಡದು ಎಂದು ಆಗ ಇಬ್ಬರೂ ಕೇಳಲಿಲ್ಲ.

ಒಂದು ಬೇಸಿಗೆಯಲ್ಲಿ ಛಜ್ಜಾದಿಂದ ಪುಡಿ ಉದುರಿ ಹಿಟ್ಟಿನ ಪರಾತಕ್ಕೆ ಬಿತ್ತು. ಕರೆಮ್ಮ ಕಿರಾಣಿ ಅಂಗಡಿಗೆ ಹೋದಳು.

“ಸಾವ್ಕಾರ್ರ, ಛಜ್ಜಾ ಬಿರುಕು ಬಿಟ್ಟೈತ್ರಿ.”

“ಬಿರುಕಿಗೆ ಒಂದೀಟು ಸಿಮೆಂಟ್ ಬಡದ್ರ ಮುಗೀತವ್ವಾ. ಸಣ್ಣ ರಿಪೇರಿ. ಅದು ನಿಂದ.”

ಮಳೆಗಾಲ ಹತ್ತಿರವಾದಾಗ ಹೆಂಟೆಯಷ್ಟು ಸಿಮೆಂಟು ಕಳಚಿ, ಒಳಗಿನ ತುಕ್ಕು ಹಿಡಿದ ಸರಳು ಕಾಣಿಸಿತು. ಮತ್ತೆ ಹೋದಳು.

“ಈಗ ದೊಡ್ಡದಾತಲ್ರಿ ಸಾವ್ಕಾರ್ರ?”

ದೊಡ್ಡಬಸಪ್ಪ ತಕ್ಕಡಿಯಿಂದ ತಲೆ ಎತ್ತಲಿಲ್ಲ. “ಬಿಸಲಿಗಂತ ಛಜ್ಜಾಕ್ಕ ತಾಡಪಾಲ್ ಹಗ್ಗ ಕಟ್ಟಿ ಜಗ್ಗಿ ಜಗ್ಗಿ ನೀನ ಅದನ್ನ ಸಡ್ಲ ಮಾಡೀದಿ. ನಾ ಯಾಕ ಮಾಡಸ್ಲಿ?”

ಆ ಮಾತು ಅವಳಿಗೆ ಚುಚ್ಚಿತು. ಮನೆಯಲ್ಲಿ ಜಂಬಣ್ಣ, “ಹೋಗ್ಲಿ ಬಿಡಬೇ, ನಾವ ಮಾಡಿಸ್ಕೊಳ್ಳೂಣು” ಎಂದ.

“ಇವತ್ತು ಛಜ್ಜಾ ನಂದಂದ್ರ, ನಾಳೆ ಗ್ವಾಡಿನೂ ನಿಂದ, ಮಾಳಿಗಿನೂ ನಿಂದ ಅಂತಾನ. ಕರಾರಿನ್ಯಾಗ ಬರದೈತಿ. ಅವನ ಮಾಡಸ್ಲಿ” ಎಂದಳು ಕರೆಮ್ಮ. ಗಿರಾಕಿಗಳ ಬೆಂಚನ್ನು ಮಾತ್ರ ಒಳಗೆ ಎಳೆದು ಹಾಕಿದಳು. ಒಲೆಯನ್ನು ಎಲ್ಲಿಗೆ ಸರಿಸುವುದು? ಅವಳು ಅಲ್ಲೇ ಕೂತಳು.

ದೊಡ್ಡ ಮಳೆ ಬಂದು ನಿಂತ ಮಧ್ಯಾಹ್ನ ಛಜ್ಜಾ ಮುರಿದು ಬಿತ್ತು. ಒಂದು ತುಂಡು, ಹಂಚಿನ ಮೇಲೆ ರೊಟ್ಟಿ ತಿರುವಲು ಚಾಚಿದ್ದ ಅವಳ ಬಲಗೈ ಮೇಲೆಯೇ ಬಿತ್ತು.

ಲಿಂಗಸುಗೂರಿನ ಆಸ್ಪತ್ರೆಗೆ ದೊಡ್ಡಬಸಪ್ಪ ಬಂದ. ಮಂಚದ ಹತ್ತಿರ ನಿಂತ.

“ಅದು ನಂದ ರಿಪೇರಿ ಇತ್ತವ್ವಾ, ಕರೆವ್ವಾ,” ಎಂದ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. “ಗೊತ್ತಿತ್ರಿ. ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು.”

ಅವಳು ಮರಳುವಷ್ಟರಲ್ಲಿ ಹೊಸ ಛಜ್ಜಾ ಬಂದಿತ್ತು, ಗಟ್ಟಿಯಾಗಿ, ಬಣ್ಣ ಬಳಿದುಕೊಂಡು. ಅದರಡಿ ಕೂತು ಕರೆಮ್ಮ ಹಿಟ್ಟು ನಾದಲು ನೋಡಿದಳು. ಬೆರಳು ಮಡಚಲಿಲ್ಲ. ಎಡಗೈಲಿ ಬಡಿದಳು, ರೊಟ್ಟಿ ಅಂಚಿಗೆ ಹರಿಯಿತು. ಮತ್ತೆ ಮುದ್ದೆ ಮಾಡಿ ಬಡಿದಳು, ಮತ್ತೆ ಹರಿಯಿತು. ಬಸ್ಸಿಗೆ ಬಂದವನೊಬ್ಬ ಇಣುಕಿ ನೋಡಿ ಮುಂದೆ ಹೋದ.

ಅವಳು ಬೀಗದ ಕೈ ಕೊಡಲು ಹೋದ ದಿನ ದೊಡ್ಡಬಸಪ್ಪ ಅದನ್ನು ಅವಳ ಕಡೆಗೇ ಸರಿಸಿದ. “ಬಾಡಿಗಿ ಬ್ಯಾಡವ್ವಾ. ಮಳಿಗಿ ನೀನ ಇಟ್ಕೋ. ಕೋರ್ಟಿಗೆ ಹೋಗ್ತೀನಂದ್ರೂ ಹೋಗು, ನಾ ಇಲ್ಲ ಅನ್ನಂಗಿಲ್ಲ.”

“ಕೋರ್ಟು ನನ್ನ ಕೈ ಹೊಳ್ಳಿ ಕೊಡ್ತೈತೇನ್ರಿ?” ಎಂದಷ್ಟೇ ಹೇಳಿ, ಬೀಗದ ಕೈ ಅಲ್ಲೇ ಬಿಟ್ಟು ಕರೆಮ್ಮ ಎದ್ದು ಬಂದಳು.

ಈಗ ಆ ಮಳಿಗೆಯಲ್ಲಿ ಬಳೆ ಮಾರುತ್ತಾರೆ. ಕರೆಮ್ಮ ಆ ಓಣಿಗೆ ಹೋಗುವುದಿಲ್ಲ. ಸಂಜೆ ಮಿಲ್ಲಿನಿಂದ ಬಂದ ಜಂಬಣ್ಣ ಕೈಕಾಲು ತೊಳೆದು ಒಲೆಯ ಮುಂದೆ ಕೂರುತ್ತಾನೆ. ಮೂಟೆ ಹೊತ್ತು ಒರಟಾದ ಆ ಕೈಗೆ ಹಿಟ್ಟು ಮಾತು ಕೇಳುವುದಿಲ್ಲ.

“ಮೆಲ್ಲಕ ಬಡಿ. ನೀರು ಕಡಿಮಿ ಆತು ನೋಡು,” ಎನ್ನುತ್ತಾಳೆ ಪಕ್ಕದಲ್ಲಿ ಕೂತ ಕರೆಮ್ಮ.

ಸುಟ್ಟದ್ದೋ ಹರಿದದ್ದೋ, ಇಬ್ಬರೂ ಅದನ್ನೇ ಮುರಿದುಕೊಂಡು ಉಣ್ಣುತ್ತಾರೆ.