ವಾರ್ತೆಗೆ ಮುಂಚಿನ ವಾದ್ಯವೃಂದ

ವಾರ್ತೆಯೆಂದರೆ ನನಗೆ ಆಗುವುದಿಲ್ಲ. ದೇಶದ ಸ್ಥಿತಿಗತಿಯ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅದು ತನ್ನ ಪಾಡಿಗೆ ತಾನು ನಡೆದುಕೊಂಡು ಹೋಗುತ್ತದೆ, ನಾನೂ ಹಾಗೆಯೇ. ನನ್ನ ಜಗಳವೇನಿದ್ದರೂ ರೇಡಿಯೋದಲ್ಲಿ ವಾರ್ತೆ ಬರುತ್ತಿದ್ದ ರೀತಿಯ ಮೇಲೆ. ನಿಮಗೆ ನೆನಪಿರಬಹುದು. ಮಧ್ಯಾಹ್ನದ ಕಾರ್ಯಕ್ರಮ ಮುಗಿದು, ವಾರ್ತೆಗೆ ಇನ್ನೂ ನಾಲ್ಕೈದು ನಿಮಿಷ ಉಳಿದಿದ್ದರೆ, ಉದ್ಘೋಷಕಿ ತಣ್ಣಗೆ “ಈಗ ವಾದ್ಯವೃಂದ” ಎಂದು ಹೇಳಿ ಒಂದು ಟೇಪು ಹಾಕಿಬಿಡುತ್ತಿದ್ದರು. ರಚಿಸಿದವರು ಯಾರು, ನುಡಿಸಿದವರು ಯಾರು, ಅದೊಂದೂ ಇಲ್ಲ. ಪಿಟೀಲು, ಕೊಳಲು, ವೀಣೆ ಎಲ್ಲ ಸೇರಿ ಏನನ್ನೋ ಕಟ್ಟುತ್ತ ಕಟ್ಟುತ್ತ ಇನ್ನೇನು ತಾರಸಿ ಹಾಕಬೇಕು ಅನ್ನುವಷ್ಟರಲ್ಲಿ ಸದ್ದು ಸಣ್ಣಗಾಗಿ, ಪೀಪ್ ಪೀಪ್ ಎಂದು ಗಂಟೆಯಾಗಿ, ದೆಹಲಿಯಿಂದ ಒಬ್ಬರು ಬಂದು ಪ್ರಧಾನಿಯವರು ಏನು ಹೇಳಿದರೆಂದು ಹೇಳಲು ಶುರುಮಾಡುತ್ತಿದ್ದರು.

ಇದನ್ನು ನಾನು ಇಪ್ಪತ್ತು ವರ್ಷ ಸಹಿಸಿಕೊಂಡೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯ ಅಂಗಡಿಯೊಂದರಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. ಕನ್ನಡ ಎಂ.ಎ. ಮಾಡಿ ಎಲ್ಲೂ ಮೇಷ್ಟರ ಕೆಲಸ ಸಿಗದೆ ಅಲ್ಲಿಗೆ ಬಂದವನು ನಾನು. ಅಂಗಡಿಯ ಯಜಮಾನ ರಾಜಣ್ಣ ಕನಿಕರಪಟ್ಟು ಮೊದಲ ದಿನವೇ ‘ಮೇಷ್ಟ್ರೇ’ ಎಂದು ಕರೆದುಬಿಟ್ಟರು. ಸಂಬಳ ಹೆಚ್ಚಿಸಲಿಲ್ಲ, ಪದವಿಯನ್ನು ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಕಪಾಟಿನ ಮೇಲೆ ಅವರದೊಂದು ರೇಡಿಯೋ ಇತ್ತು. ಬೆಳಿಗ್ಗೆ ಬೀಗ ತೆಗೆದಾಗ ಅದು ಶುರುವಾದರೆ ಸಂಜೆ ಬಾಗಿಲು ಹಾಕುವವರೆಗೂ ನಿಲ್ಲುತ್ತಿರಲಿಲ್ಲ. ವರನ ಹೆಸರು, ವಧುವಿನ ಹೆಸರು, ಮುಹೂರ್ತ, ಛತ್ರದ ವಿಳಾಸ ಎಂದು ನಾನು ಪೆನ್ಸಿಲ್ ಆಡಿಸುತ್ತಿರುವಾಗ ನನ್ನ ಕಿವಿಗೆ ಬೇರೆ ಕೆಲಸವಿರಲಿಲ್ಲ.

ಕಿವಿ ಎಂದೆ. ಒಂದು ವಿಷಯ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಸಂಗೀತದ ಕಿವಿ ಇಲ್ಲ. ಚಿಕ್ಕವನಿದ್ದಾಗ ಮಲ್ಲೇಶ್ವರದಲ್ಲಿ ನಮ್ಮ ಬೀದಿಯ ಸಂಗೀತದ ಟೀಚರು ಮೂರು ವಾರ ನನ್ನಿಂದ ಸರಳೆ ವರಸೆ ಹೇಳಿಸಿ, ಕೊನೆಗೆ ಅಮ್ಮನನ್ನು ಕರೆದು, “ಹುಡುಗ ಲೆಕ್ಕದಲ್ಲಿ ಹೇಗೆ?” ಎಂದು ವಿಚಾರಿಸಿದ್ದರು. ಯಾವ ರಾಗ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ.

ಇಂಥ ನನಗೆ ಆ ಟೇಪುಗಳಲ್ಲಿ ಒಂದು ಮಾತ್ರ ಹೇಗೋ ಅಂಟಿಕೊಂಡಿತು. ಮೊದಲು ಜಲತರಂಗ ಎರಡೇ ಎರಡು ಸ್ವರ ಹನಿಸುತ್ತದೆ. ಇನ್ನೂ ಕದ ತೆರೆಯದ ಬೀದಿಯಲ್ಲಿ ಯಾರೋ ಒಬ್ಬರು ಮೊದಲು ಎದ್ದ ಹಾಗೆ. ಕೊಳಲು ಬಂದು ಅದನ್ನು ಮಾತಾಡಿಸುತ್ತದೆ. ಆಮೇಲೆ ಪಿಟೀಲುಗಳು, ಅವುಗಳ ಕೆಳಗೆ ವೀಣೆ. ಕ್ಲಾರಿಯೊನೆಟ್ ತಡವಾಗಿ ಬಂದು, ಬೇರೆಯವರ ಮನೆಗೆ ಇಣುಕಿದವನ ಸಂಕೋಚದಲ್ಲಿ, ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಆ ಸ್ವರ ನಿಂತಿದ್ದಾಗ ಉಳಿದವರೆಲ್ಲ ಅದರ ಸುತ್ತ ಓಡಾಡುತ್ತಾರೆ, ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಪ್ರತಿ ಸಲವೂ ಅಲ್ಲಿ ನನ್ನ ಪೆನ್ಸಿಲ್ ನಿಲ್ಲುತ್ತಿತ್ತು. ಒಂದಿಷ್ಟು ಹೊತ್ತು ಎಲ್ಲ ಸೇರಿ ದೊಡ್ಡದಾಗುತ್ತದೆ, ಮತ್ತೆ ಏನೋ ತೆಳ್ಳಗಾಗಲು ತೊಡಗುತ್ತದೆ. ಮೃದಂಗ ನಿಂತಿತಲ್ಲ, ಯಾಕೆ ಎಂದು ನಾನು ತಲೆಯೆತ್ತುವ ಹೊತ್ತಿಗೆ ಪೀಪ್ ಪೀಪ್.

ವಾದ್ಯವೃಂದವನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡವರಲ್ಲ. ನಮ್ಮದು ಒಬ್ಬರು ಹಾಡಿ ಉಳಿದವರು ಹಿಂಬಾಲಿಸುವ ಸಂಗೀತ. ಹದಿನೈದು ಜನ ಸೇರಿ ನುಡಿಸಿದರೆ ರಸಿಕರಿಗೆ ಏನೋ ಅನುಮಾನ. ಚಾಮರಾಜಪೇಟೆಯ ರಾಮನವಮಿಯ ಚಪ್ಪರದಲ್ಲಿ ಅಪರೂಪಕ್ಕೆ ವಾದ್ಯವೃಂದ ಇಟ್ಟರೂ ಅದು ಮುಖ್ಯ ಕಛೇರಿಗೆ ಮುಂಚೆ, ಜನ ಕುರ್ಚಿಗೆ ಕರ್ಚೀಫು ಹಾಕಿ ಕಾಫಿಗೆ ಹೋಗುವ ಹೊತ್ತಿನಲ್ಲಿ. ಬಸವನಗುಡಿಯ ಹಿರಿಯ ರಸಿಕರೊಬ್ಬರು ನನಗೆ ಒಮ್ಮೆ, “ಅದು ಸಂಗೀತ ಅಲ್ಲ ಕಣ್ರೀ, ಡ್ರಿಲ್ಲು” ಎಂದಿದ್ದರು. ಅವರ ಮಾತು ಪೂರಾ ಸುಳ್ಳಲ್ಲ. ಬಹಳಷ್ಟು ವಾದ್ಯವೃಂದಗಳಲ್ಲಿ ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸಿ ಒಟ್ಟಿಗೆ ಎದ್ದು ಹೋಗುತ್ತಾರೆ. ನನ್ನದು ಹಾಗಿರಲಿಲ್ಲ. ಇದನ್ನು ಮಾಡಿದವರಿಗೆ ಪ್ರತಿಯೊಂದು ವಾದ್ಯದ ಸ್ವಭಾವವೂ ಗೊತ್ತಿತ್ತು. ಮದುವೆಮನೆಯಲ್ಲಿ ಯಾರಿಗೆ ಯಾವ ಕೆಲಸ ಒಪ್ಪಿಸಬೇಕೆಂದು ತಿಳಿದ ಯಜಮಾನಿತಿಯೊಬ್ಬಳು ಇರುತ್ತಾಳಲ್ಲ, ಅಂಥ ಬುದ್ಧಿ. ಆ ಬುದ್ಧಿ ಯಾರದು, ಅದು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಹಂಬಲ ನನಗೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ವರ್ಷಗಟ್ಟಲೆ ಉಳಿದುಬಿಟ್ಟಿತು.

ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಅಂಗಡಿಗೆ ವಯಸ್ಸಾದವರೊಬ್ಬರು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ, ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ಮಗಳ ಮದುವೆಯ ಪತ್ರಿಕೆ. ನಾನು ಕಾಗದ ಬಿಡಿಸಿ ಓದಲು ತೊಡಗಿದೆ, ಅವರು ಕೊಡೆ ಪಕ್ಕಕ್ಕಿಟ್ಟು ಗಾಜಿನ ಕೌಂಟರಿಗೆ ಒರಗಿ ನಿಂತರು. ಅಷ್ಟರಲ್ಲಿ ಕಪಾಟಿನ ಮೇಲೆ ಜಲತರಂಗ ಎರಡು ಸ್ವರ ಹನಿಸಿತು. ಅವರ ಬೆರಳುಗಳು ಗಾಜಿನ ಮೇಲೆ ಅಲುಗಿದವು. ರಾಗ ಕೇಳಿದವರು ತಾಳ ಹಾಕುವುದು ಇದ್ದದ್ದೇ, ನಾನು ಗಮನ ಕೊಡಲಿಲ್ಲ. ಪೀಪ್ ಪೀಪ್ ಆಯಿತು, ವಾರ್ತೆ ಶುರುವಾಯಿತು. ಬೆರಳುಗಳು ನಿಲ್ಲಲಿಲ್ಲ. ಪ್ರಧಾನಿಯವರು ಏನನ್ನೋ ಖಂಡಿಸುತ್ತಿದ್ದರು, ಇಲ್ಲಿ ಹತ್ತು ಬೆರಳು ಎಂಟಾದವು, ಐದಾದವು, ಎರಡಾದವು. ಕೊನೆಗೆ ಒಂದೇ ಬೆರಳು ಉಳಿದು, ಒಂದು ಎರಡು ಮೂರು ನಾಲ್ಕು, ಒಂದು ಎರಡು ಮೂರು ನಾಲ್ಕು ಎಂದು ಬಹಳ ಹೊತ್ತು ಮೆಲ್ಲಗೆ ತಟ್ಟಿ ನಿಂತಿತು.

“ಸಾರ್, ಅದು ಹಾಗೆ ಮುಗಿಯುತ್ತಾ?” ಎಂದೆ.

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. “ನೀವು ಅದನ್ನ ಕೇಳಿದೀರಾ?”

“ಇಪ್ಪತ್ತು ವರ್ಷದಿಂದ ಕೇಳ್ತಿದೀನಿ. ಮುಗಿಯೋದು ಮಾತ್ರ ಕೇಳಿಲ್ಲ.”

“ಯಾರೂ ಕೇಳಿಲ್ಲ ಬಿಡಿ,” ಎಂದರು. “ಮಾಡಿದೋನು ನಾನು. ನಾನೂ ಸ್ಟುಡಿಯೋದಲ್ಲಿ ಒಂದೇ ಒಂದು ಸಲ ಕೇಳಿದ್ದು.”

ಗುರುಶಾಂತಪ್ಪ ಅವರ ಹೆಸರು. ಬಳೇಪೇಟೆಯಲ್ಲಿ ಮೂರು ತಲೆಮಾರು ಬಳೆ ಮಾರಿದ ಮನೆತನ. ಇವರೊಬ್ಬರು ಅಂಗಡಿ ಬಿಟ್ಟು ವೀಣೆ ಹಿಡಿದು ರೇಡಿಯೋ ಸೇರಿದವರು. ಪತ್ರಿಕೆಯಲ್ಲಿ ‘ಶ್ರೀಮತಿ ಪಾರ್ವತಮ್ಮ ಮತ್ತು ಶ್ರೀ ಗುರುಶಾಂತಪ್ಪ ಮಾಡುವ ವಿಜ್ಞಾಪನೆಗಳು’ ಎಂದು ಬರೆದಿದ್ದರು. ಪಾರ್ವತಮ್ಮನವರು ತೀರಿಕೊಂಡು ಮೂರು ವರ್ಷವಾಗಿತ್ತೆಂದು ಮಾತಿನ ನಡುವೆ ತಿಳಿಯಿತು. ನಮ್ಮ ಕಸುಬಿನ ಪದ್ಧತಿಯಂತೆ ನಾನು ಮೆಲ್ಲಗೆ, “ಹೆಸರಿನ ಹಿಂದೆ ದಿವಂಗತ ಅಂತ ಹಾಕ್ಬೇಕಲ್ವಾ ಸಾರ್?” ಎಂದೆ. “ಬೇಡ,” ಎಂದರು. “ಅವಳ ಜೊತೆ ಒಂದು ಜಗಳ ಬಾಕಿ ಇದೆ. ಅದು ಮುಗಿಯೋವರೆಗೂ ಹಾಕೋ ಹಾಗಿಲ್ಲ.” ನಾನು ಹಾಕಲಿಲ್ಲ.

ಆ ಜಗಳ ಏನೆಂದು ತಿಳಿದದ್ದು ಮದುವೆಯಾದ ಮೇಲೆ, ಚಾಮರಾಜಪೇಟೆಯ ಅವರ ಮನೆಗೆ ನಾನು ಹೋಗಿ ಬರಲು ತೊಡಗಿದಾಗ. ಅಂಗಡಿಗೆ ರಜೆ ಇದ್ದ ದಿನಗಳಲ್ಲಿ ಹೋಗಿ ಅವರ ಹಳೆಯ ನೋಟ್‌ಬುಕ್ಕುಗಳನ್ನು ನೋಡುತ್ತ ಕೂರುತ್ತಿದ್ದೆ. ಲೆಕ್ಕದ ಪುಸ್ತಕದ ಹಾಗೆ ಉದ್ದಗೆರೆ ಎಳೆದು, ಒಂದೊಂದು ವಾದ್ಯಕ್ಕೆ ಒಂದೊಂದು ಕಲಂ ಮಾಡಿ, ಪೆನ್ಸಿಲ್ಲಿನಲ್ಲಿ ಸರಿಗಮ ಬರೆದಿದ್ದರು. ನನಗೆ ಪ್ರಿಯವಾದುದರ ಹೆಸರು ಅದರಲ್ಲಿ ‘ಬಳೇಪೇಟೆ’ ಎಂದಷ್ಟೇ ಇತ್ತು. ಬೆಳಿಗ್ಗೆ ಒಂದೊಂದೇ ಅಂಗಡಿ ತೆರೆಯುತ್ತದೆ, ನಡುಹಗಲಿಗೆ ಗದ್ದಲವಾಗುತ್ತದೆ, ಸಂಜೆ ಒಂದೊಂದೇ ಮುಚ್ಚುತ್ತದೆ. ಜಲತರಂಗ ಬಳೆಯ ಅಂಗಡಿ. ನಾನು ಇಣುಕುವವನೆಂದು ತಿಳಿದ ಕ್ಲಾರಿಯೊನೆಟ್, ನಿಜಕ್ಕೂ ಕೈಗಾಡಿ ನಿಲ್ಲಿಸಲು ಜಾಗ ಹುಡುಕುವವನಂತೆ. ಕೊನೆಯ ಒಂದು ನಿಮಿಷದ ಸಾಲಿನಲ್ಲಿ ಎಲ್ಲ ಕಲಮುಗಳೂ ಖಾಲಿ, ತಂಬೂರಿಯದು ಮಾತ್ರ ತುಂಬಿತ್ತು.

“ಅಂಗಡಿ ಎಲ್ಲಾ ಮುಚ್ಚಿದ ಮೇಲೂ ಪೇಟೇಲಿ ಒಂದು ಸದ್ದು ಇರುತ್ತೆ ಮೇಷ್ಟ್ರೇ. ಹಗಲಿಡೀ ಇರುತ್ತೆ, ಕೇಳ್ಸಲ್ಲ ಅಷ್ಟೇ,” ಎಂದರು.

ತಂಬೂರಿ ಮೀಟಿದವರು ಪಾರ್ವತಮ್ಮ. ಅವರೂ ರೇಡಿಯೋದ ಕಲಾವಿದೆ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವರು. ತಂಬೂರಿಯವರ ಪಾಡು ನಿಮಗೆ ಗೊತ್ತೇ ಇದೆ. ಕಛೇರಿಯಲ್ಲಿ ಎಲ್ಲರಿಗಿಂತ ಮೊದಲು ಶುರುಮಾಡುತ್ತಾರೆ, ಎಲ್ಲರೂ ನಿಲ್ಲಿಸಿದ ಮೇಲೆ ನಿಲ್ಲಿಸುತ್ತಾರೆ, ಕರಪತ್ರದಲ್ಲಿ ಹೆಸರಿರುವುದಿಲ್ಲ. ಹೆಂಡತಿಗೆಂದು ಒಂದು ನಿಮಿಷ ಪೂರ್ತಿ ಬಿಟ್ಟುಕೊಟ್ಟು ಇವರು ಅದನ್ನು ಬರೆದಿದ್ದರು. ಹಾಗೆಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಧ್ವನಿಮುದ್ರಣದ ದಿನ ಹೊರಗೆ ಬೇರೆ ತಂಡದವರು ಕಾಯುತ್ತಿದ್ದರು. ಒಂದೇ ಸಲ ನುಡಿಸಿ, ತಿರುಗಿ ಕೇಳಲೂ ಸಮಯವಿಲ್ಲದೆ ಎಲ್ಲರೂ ಎದ್ದು ಬಂದರು. ಬಸ್‌ಸ್ಟಾಪಿನಲ್ಲಿ ಇವರು, “ಕೊನೇಲಿ ಪಂಚಮದ ತಂತಿ ಶ್ರುತಿ ಇಳೀತು” ಎಂದರು. ಪಾರ್ವತಮ್ಮ, “ಇಳೀಲಿಲ್ಲ” ಎಂದರು. “ಪ್ರಸಾರ ಆದಾಗ ಕೇಳಿ ನೋಡಿ, ಯಾರು ಸರಿ ಅಂತ ಗೊತ್ತಾಗುತ್ತೆ.”

ಇಪ್ಪತ್ತೆರಡು ವರ್ಷ ಗಂಡಹೆಂಡಿರು ರೇಡಿಯೋದ ಮುಂದೆ ಕಾದರು. ಪ್ರತಿ ಸಲವೂ ವಾರ್ತೆ. ಪಾರ್ವತಮ್ಮ ಒಗ್ಗರಣೆಯ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು ನಿಂತಿರುತ್ತಿದ್ದರಂತೆ. ಪೀಪ್ ಎಂದ ಕೂಡಲೇ, “ಇವತ್ತೂ ನೀವು ಬಚಾವು” ಎಂದು ಹೇಳಿ ಒಳಗೆ ಹೋಗುತ್ತಿದ್ದರಂತೆ.

“ಟೇಪಿನ ಕಾಪಿ ಕೇಳ್ಬಹುದಿತ್ತಲ್ಲ ಸಾರ್?”

“ಅರ್ಜಿ ಬರ್ಕೊಡಿ ಅಂದ್ರು. ಏನಂತ ಬರೀಲಿ? ನಮ್ಮನೆಯವಳ ತಂತಿ ಇಳಿದಿತ್ತೋ ಇಲ್ವೋ ನೋಡ್ಬೇಕು ಅಂತಾನಾ?”

ಆಗ ನಾನೊಂದು ಪೆದ್ದು ಮಾತಾಡಿದೆ. ತಂಬೂರಿ ಯಾರು ಮೀಟಿದರೂ ಒಂದೇ ಅಲ್ಲವೇ ಎಂದುಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. “ನಿಮಗೆ ಕಿವಿ ಇಲ್ಲ ಮೇಷ್ಟ್ರೇ,” ಎಂದರು, “ಆದ್ರೆ ಕಾಯೋ ಬುದ್ಧಿ ಇದೆ.” ಅಷ್ಟರಲ್ಲಿ ಅವರ ರೇಡಿಯೋದಲ್ಲಿ ಅದೇ ಬಂತು. ಕೇಳುತ್ತ ಕೂತವರು, ಮೃದಂಗ ನಿಲ್ಲುವುದಕ್ಕೆ ಮುಂಚೆಯೇ ಎದ್ದು ರೇಡಿಯೋ ಆರಿಸಿಬಿಟ್ಟರು. ಅವಳು ಹೋದ ಮೇಲೆ ಹೀಗೇ ಮಾಡುತ್ತೇನೆ, ಅದರ ಕತ್ತು ಹಿಚುಕುವುದನ್ನು ಒಬ್ಬನೇ ಕೂತು ಕೇಳಲಾರೆ ಎಂದರು.

ಕೆಲವು ತಿಂಗಳ ಮೇಲೆ ಒಂದು ಶನಿವಾರ ಮಧ್ಯಾಹ್ನ, ನಾನು ಯಾರದೋ ಗೃಹಪ್ರವೇಶದ ಕಾರ್ಡು ನೋಡುತ್ತಿದ್ದೆ. ‘ಬಳೇಪೇಟೆ’ ಬಂತು. ಮೃದಂಗ ನಿಂತಿತು, ಸದ್ದು ಸಣ್ಣಗಾಯಿತು, ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿದೆ. ಪೀಪ್ ಬರಲಿಲ್ಲ. ಒಂದು ಕ್ಷಣ ಬಿಟ್ಟು ಸದ್ದು ಮತ್ತೆ ದೊಡ್ಡದಾಯಿತು. ದೆಹಲಿಯ ಸಂಪರ್ಕ ಸಿಕ್ಕಿರಲಿಲ್ಲವಂತೆ. ಉದ್ಘೋಷಕಿ ಆಮೇಲೆ ಕೇಳುಗರ ಕ್ಷಮೆ ಕೋರಿದರು. ಜನ್ಮದಲ್ಲಿ ಅಷ್ಟು ಸಂತೋಷ ಕೊಟ್ಟು ಯಾರೂ ನನ್ನ ಕ್ಷಮೆ ಕೇಳಿಲ್ಲ.

ಪಿಟೀಲುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಕ್ಲಾರಿಯೊನೆಟ್ ಹೋಯಿತು. ಕೊಳಲು ಜಲತರಂಗಕ್ಕೆ ಏನೋ ಹೇಳಿತು, ಜಲತರಂಗ ಎರಡು ಸ್ವರ ಹನಿಸಿ ಸುಮ್ಮನಾಯಿತು. ಉಳಿದದ್ದು ತಂಬೂರಿ. ಮೊದಲಿನಿಂದಲೂ ಅದು ಅಲ್ಲೇ ಇತ್ತು, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ರಾಜಣ್ಣ ಎದ್ದರು. “ರೇಡಿಯೋ ಕೆಟ್ಟೋಯ್ತು ಕಣ್ರೀ, ಬರೀ ಗುಂಯ್ ಅಂತಿದೆ” ಎನ್ನುತ್ತ ಅದರ ತಲೆಗೆ ಒಂದು ಏಟು ಕೊಡಲು ಕೈಯೆತ್ತಿದರು. ನಾನು ಹಾರಿ ಹೋಗಿ ಯಜಮಾನರ ಮುಂಗೈ ಹಿಡಿದುಕೊಂಡೆ. ಅವರು ಎಳೆದರು, ನಾನು ಬಿಡಲಿಲ್ಲ. ಕಾರ್ಡು ಆರಿಸುತ್ತಿದ್ದ ಎರಡು ಕುಟುಂಬಗಳು ನಮ್ಮನ್ನೇ ನೋಡುತ್ತ ನಿಂತವು. ತಂಬೂರಿ ಮುಗಿಯುವವರೆಗೂ ಹಾಗೇ ಇದ್ದೆವು.

ಕೆಲಸ ಹೋದರೆ ಹೋಗಲಿ ಎಂದು ಅಂಗಡಿಯಿಂದ ಇಳಿದು, ಮಾರ್ಕೆಟ್ಟಿನ ಗುಂಪಿನಲ್ಲಿ ನುಗ್ಗಿ, ಚಾಮರಾಜಪೇಟೆಗೆ ಅರ್ಧ ನಡೆದು ಅರ್ಧ ಓಡಿದೆ. ಅವರ ಬೀದಿಯ ತಿರುವಿನಲ್ಲಿ ಹೊಳೆಯಿತು. ಅವರು ರೇಡಿಯೋ ಆರಿಸಿರುತ್ತಾರೆ.

ಆರಿಸಿದ್ದರು. ಗುರುಶಾಂತಪ್ಪನವರು ಮಜ್ಜಿಗೆ ಅನ್ನ ಕಲಸುತ್ತಿದ್ದರು. ಪಕ್ಕದ ಬೀದಿಯಲ್ಲೇ ಮನೆ ಮಾಡಿದ್ದ ಮಗಳು ಉಮಾ ಬಡಿಸುತ್ತಿದ್ದಳು. ನಾನು ಏದುಸಿರಿನಲ್ಲೇ ನಡೆದದ್ದು ಹೇಳಿದೆ. ಉಮಾ ಸೌಟು ಹಿಡಿದು ನಿಂತುಬಿಟ್ಟಳು.

“ಅಮ್ಮಂದು ಪೂರ್ತಿ ಕೇಳಿಸ್ತಾ ನಿಮಗೆ?” ಎಂದಳು.

“ಪೂರ್ತಿ ಕೇಳಿಸ್ತಮ್ಮ.”

ಗುರುಶಾಂತಪ್ಪನವರ ಕೈ ತಟ್ಟೆಯಲ್ಲೇ ನಿಂತಿತು. ಗೋಡೆಗೆ ಒರಗಿಸಿದ್ದ ಗವಸು ಹಾಕಿದ ತಂಬೂರಿಯ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು, “ಪಂಚಮ ಇಳಿದಿತ್ತಾ ಮೇಷ್ಟ್ರೇ?”

ಪಂಚಮ ಯಾವುದು ಎಂದು ತೋರಿಸಿದರೂ ನನಗೆ ತಿಳಿಯುವುದಿಲ್ಲ. ಸಾಲದ್ದಕ್ಕೆ ಆ ಒಂದು ನಿಮಿಷವೆಲ್ಲ ನಾನು ರಾಜಣ್ಣನವರ ಕೈ ಹಿಡಿದು ಜಗ್ಗಾಡುತ್ತಿದ್ದೆ.

“ಇಲ್ಲ ಸಾರ್,” ಎಂದೆ. “ಇಳಿದಿರ್ಲಿಲ್ಲ.”

“ಹಾಗಾದ್ರೆ ಅವಳದೇ ಸರಿ,” ಎಂದರು. ಎಂದವರು ಊಟ ಮುಂದುವರಿಸಿದರು. ಉಮಾ ಅವರ ತಟ್ಟೆಗೆ ಇನ್ನೊಂದು ಸೌಟು ಮಜ್ಜಿಗೆ ಹಾಕಿ ಒಳಗೆ ಹೋದಳು, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಈಗ ಗುರುಶಾಂತಪ್ಪನವರೂ ಇಲ್ಲ. ಆ ಟೇಪು ಎಲ್ಲಿದೆಯೋ, ಇದೆಯೋ ಇಲ್ಲವೋ. ಎಫ್‌ಎಂ ಬಂದ ಮೇಲೆ ರೇಡಿಯೋದಲ್ಲಿ ಖಾಲಿ ನಿಮಿಷವೇ ಉಳಿದಿಲ್ಲ, ಯಾರಾದರೂ ಮಾತಾಡುತ್ತಲೇ ಇರುತ್ತಾರೆ. ‘ಬಳೇಪೇಟೆ’ಯನ್ನು ಇನ್ನೊಮ್ಮೆ, ಮೊದಲಿಂದ ಕೊನೆಯವರೆಗೆ, ಯಾರ ಕೈಯನ್ನೂ ಹಿಡಿಯದೆ ಕೇಳಬೇಕೆಂಬ ಆಸೆ ನನಗೆ ಬಿಟ್ಟಿಲ್ಲ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಕೊನೆಯ ಪ್ರೂಫಿನ ಕೆಳಗೆ ‘ತಪ್ಪಿಲ್ಲ’ ಎಂದು ಬರೆದು ಸಹಿ ಹಾಕಬೇಕು, ಆಮೇಲೆ ಏನಾದರೂ ಹೊಣೆ ನನ್ನದು. ಸಾವಿರಾರು ಮದುವೆಗಳಿಗೆ ಒಂದೊಂದು ಅಕ್ಷರವನ್ನೂ ನೋಡಿ ಹಾಗೆ ಸಹಿ ಹಾಕಿದ್ದೇನೆ. ನೋಡದೆ ಹಾಕಿದ್ದು ಆ ‘ಇಳಿದಿರ್ಲಿಲ್ಲ’ ಒಂದಕ್ಕೇ. ಮೋಸ ಮಾಡಿದೆನೇನೋ ಎಂದು ಬಹಳ ದಿನ ಕೊರೆಯುತ್ತಿತ್ತು. ಆಮೇಲೆ ಯೋಚಿಸಿದೆ: ನನಗೆ ಕಿವಿ ಇಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಗೊತ್ತಿದ್ದೂ ಕೇಳಿದರು.